ಜಿಂಕ್ ಬಿಟ್ಟು

ನಾನು ದೋಣಿ ಇಂಜಿನ್ನಿನ ಕಾಲು. ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ನನ್ನು ನೀವು ನೋಡಿರಬಹುದು. ಅದರ ತಲೆ ಮೇಲಿರುತ್ತದೆ, ಸದ್ದು ಮಾಡುತ್ತದೆ, ಮೈಮೇಲೆ ಹೆಸರು ಬರೆಸಿಕೊಳ್ಳುತ್ತದೆ. ನೀರಿನೊಳಗೆ ಮುಳುಗಿ ಫ್ಯಾನು ತಿರುಗಿಸುವ ಗೇರಿನ ಪೆಟ್ಟಿಗೆ ನಾನು. ಕೆಲಸ ನನ್ನದು, ಹೆಸರು ಅದರದು.

ಯಾವುದೋ ದೂರದ ಕಾರ್ಖಾನೆಯಲ್ಲಿ ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದಾಗ ಹುಟ್ಟಿದೆ. ಹುಟ್ಟಿದಾಗ ಬೆಳ್ಳಿ ಬಣ್ಣ. ಅದನ್ನು ಸರಿಯಾಗಿ ನೋಡಿಕೊಳ್ಳುವ ಮೊದಲೇ ಬೂದು ಬಳಿದರು. ನನ್ನ ಮೊದಲ ಯಜಮಾನರು ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದರು. ಅವರ ದೋಣಿ ನೀಲಿ, ಹಾಗಾಗಿ ನಾನೂ ನೀಲಿಯಾದೆ. ನಾಲ್ಕು ವರ್ಷದ ಮೇಲೆ ಗಂಗೊಳ್ಳಿಯ ಬಚ್ಚ ಮೊಗವೀರರ ಮೀನು ಹಿಡಿಯುವ ದೋಣಿಗೆ ಬಂದೆ. ಅಲ್ಲಿನ ಉಪ್ಪುನೀರಿಗೆ ನೀಲಿ ಎದ್ದು ಬೂದು ಕಂಡಿತು, ಬೂದು ಎದ್ದು ಬೆಳ್ಳಿ ಕಂಡಿತು. ನಿನ್ನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನನ್ನ ಹೊಟ್ಟೆಗೆ ಬೋಲ್ಟ್ ಹಾಕಿ ಬಿಗಿದ ಒಂದು ಸಣ್ಣ ಲೋಹದ ತುಂಡು ಇತ್ತು. ಬಚ್ಚಣ್ಣ ಅದನ್ನು ಬಿಲ್ಲೆ ಎನ್ನುತ್ತಿದ್ದರು. ಪಾಪದ್ದು, ನೀರಿಗಿಳಿದಾಗಿನಿಂದ ಸವೆಯುತ್ತಲೇ ಇತ್ತು. ಏನೋ ಕಾಯಿಲೆ ಇರಬೇಕೆಂದು ನಾನು ಮರುಗುತ್ತಿದ್ದೆ.

ಒಂದು ವರ್ಷ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಕೆಟ್ಟ ಜಾಗದಲ್ಲಿ, ಇಂಜಿನ್ ನಿಂತುಹೋಯಿತು. ಹೇಗೋ ಹುಟ್ಟು ಹಾಕಿ ದಡ ಸೇರಿದರು. ಆ ದಿನ ಬಚ್ಚಣ್ಣನ ಹೆಂಡತಿ ಮುಕಾಂಬಕ್ಕ ಅತ್ತು ಮುಗಿಸಿ, ಕಣ್ಣೊರಸಿಕೊಂಡು ಹೇಳಿದರು.

"ಇನ್ನೊಂದ್ ಸಲ ಅಳ್ವೆಯಗೆ ಇಂಜಿನ್ ನಿಂತ್ರೆ, ನೀವ್ ಮತ್ತೆ ಕಡಲಿಗೆ ಹೋಪುಕಿಲ್ಲೆ. ಮಾತ್ ಕೊಡಿ."

ಬಚ್ಚಣ್ಣ ಮಾತು ಕೊಟ್ಟರು. ಹದಿನಾರನೇ ವಯಸ್ಸಿನಿಂದ ಕಡಲಿಗೆ ಹೋಗುತ್ತಿದ್ದ ಮನುಷ್ಯ. ಅಂದಿನಿಂದ ನನ್ನನ್ನು ನೋಡುವಾಗ ಅವರ ಮುಖದಲ್ಲಿ ಭಯ ಕಾಣುತ್ತಿತ್ತು.

ಮಳೆಗಾಲದಲ್ಲಿ ದೋಣಿ ಮೇಲೆಳೆದ ಮೇಲೆ ನನ್ನನ್ನು ಬಿಚ್ಚಿ ಕುಂದಾಪುರದ ಮೆಕ್ಯಾನಿಕ್ ಫೆಲಿಕ್ಸನಿಗೆ ಕೊಟ್ಟರು. ಅವನು ಒಳಗೆಲ್ಲ ಸರಿಮಾಡಿ, ಹೊಸ ಬಿಲ್ಲೆ ಹಾಕಿದ. ಪೇಟೆಯಲ್ಲಿ ಒಣಮೀನು ಮಾರಿದ ಮುಕಾಂಬಕ್ಕ ನನ್ನನ್ನು ಒಯ್ಯಲು ಬಂದರು. ಅವರ ಬುಟ್ಟಿಗೆ ನನ್ನನ್ನು ಇಡುತ್ತ ಫೆಲಿಕ್ಸ್ ಹೇಳಿದ.

"ಅಕ್ಕ, ಮೈಯೆಲ್ಲ ಬಣ್ಣ ಹೋಯಿತ್. ಉಜ್ಜಿ, ಜಿಂಕ್ ಬಿಟ್ಟ್ ಬಣ್ಣ ಹಚ್ಚುಕ್ ಹೇಳಿ."

ಒಣಮೀನಿನ ವಾಸನೆಯ ಬುಟ್ಟಿಯಲ್ಲಿ ಕೂತು, ದಾರಿಯುದ್ದಕ್ಕೂ ಅವರು ಮರೆಯದಂತೆ "ಜಿಂಕ್ ಬಿಟ್ಟ್, ಜಿಂಕ್ ಬಿಟ್ಟ್" ಎಂದು ಗುನುಗುವುದನ್ನು ಕೇಳಿದೆ. ಮನೆ ತಲುಪುವ ಹೊತ್ತಿಗೆ ಆ ಮಾತು ಸ್ವಲ್ಪ ವಾಲಿತ್ತು.

"ಜಿಂಕ್ ಇಲ್ದಿದ್ ಬಣ್ಣ ಹಚ್ಕಂಬ್ರ್," ಎಂದರು ಗಂಡನಿಗೆ.

ಮರುದಿನ ಬಚ್ಚಣ್ಣ ನನ್ನನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಣ್ಣದಂಗಡಿಗೆ ಹೋದರು. ಅಂಗಡಿಯ ಶೆಣೈಯವರು ನನ್ನನ್ನು ತಿರುಗಿಸಿ ನೋಡಿ, ಹಳದಿ ಬಣ್ಣದ ಡಬ್ಬಿ ಇಳಿಸಿದರು. ಅಲ್ಯೂಮಿನಿಯಂಗೆ ಜಿಂಕ್ ಪ್ರೈಮರೇ ಹಿಡಿಯುವುದು ಎಂದರು. ಜಿಂಕ್ ಬೇಡವೇ ಬೇಡ ಎಂದರು ಬಚ್ಚಣ್ಣ. ಹಾಗಾದರೆ ಕೆಂಪು ಪ್ರೈಮರ್ ಇದೆ, ಆದರೆ ಅದು ಕಬ್ಬಿಣಕ್ಕೆ ಎಂದರು ಶೆಣೈ. ದೋಣಿಯ ಅಡಿಗೆ ಹಚ್ಚುವ, ಚಿಪ್ಪು ಅಂಟದ ಬಣ್ಣ ಆದೀತೇ ಎಂದು ಇವರು ಕೇಳಿದರೆ, ಅದರಲ್ಲಿ ತಾಮ್ರವಿದೆ, ಅಲ್ಯೂಮಿನಿಯಂ ತಿಂದುಹಾಕುತ್ತದೆ ಎಂದರು ಅವರು. ಒಂದು ತಿನ್ನುತ್ತದೆ, ಒಂದು ಹಿಡಿಯುವುದಿಲ್ಲ, ಹಿಡಿಯುವುದು ಬೇಡವಂತೆ. ಕೌಂಟರಿನ ಮೇಲೆ ಮಲಗಿದ್ದ ನನಗೂ ತಲೆ ಕೆಟ್ಟುಹೋಯಿತು.

"ಹೆಂಡ್ತಿ ಕೇಂಡ್ಕಂಡ್ ಬಂದೀಳ್, ತಪ್ಪಾತ್ತಿಲ್ಲೆ," ಎಂದು ಬಚ್ಚಣ್ಣ ಕೆಂಪು ಡಬ್ಬಿಯನ್ನೇ ತಂದರು.

ಅವರು ಬಣ್ಣ ಹಚ್ಚಿದ ರೀತಿಯನ್ನು ನಾನು ಮರೆಯಲಾರೆ. ಸಿಹಿನೀರಲ್ಲಿ ಮೂರು ಸಲ ತೊಳೆದು, ಪಾಲಿಶ್ ಕಾಗದದಲ್ಲಿ ಉಜ್ಜಿ, ಎರಡು ಕೈ ಕೆಂಪು, ಮೇಲೆ ದೋಣಿಗೆ ಹಚ್ಚಿ ಉಳಿದಿದ್ದ ಹಸಿರು ಎರಡು ಕೈ. ಮುಕಾಂಬಕ್ಕ ನನ್ನನ್ನು ಹಿಡಿದುಕೊಂಡಿದ್ದರು. ಬಿಲ್ಲೆಗೆ ಮಾತ್ರ ಇನ್ನೂ ಒಂದು ಕೈ ಜಾಸ್ತಿ. "ಪ್ರತಿ ಸಲ ಇದೇ ಮೊದ್ಲ್ ಹಾಳಾಪ್ದ್," ಎಂದರು ಬಚ್ಚಣ್ಣ. ನನಗೂ ಸಮಾಧಾನವಾಯಿತು, ಅಂತೂ ನನ್ನ ಜೊತೆಗಾರನ ಕಾಯಿಲೆಗೆ ಮದ್ದು ಸಿಕ್ಕಿತೆಂದು.

ಒಂದು ವರ್ಷ ಚೆನ್ನಾಗಿ ನಡೆಯಿತು. ಎರಡನೇ ವರ್ಷ ಹಸಿರಿನಡಿ ಗುಳ್ಳೆಗಳೆದ್ದವು, ಗುಳ್ಳೆಯೊಳಗೆ ಬಿಳಿ ಪುಡಿ. ನನ್ನ ಮೈ ಎಲ್ಲೋ ಕರಗುತ್ತಿದೆ ಎಂದು ನನಗೆ ತಿಳಿಯುತ್ತಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ತೂತುಬಿದ್ದ ಜಾಗದಿಂದ ಉಪ್ಪುನೀರು ಗೇರಿಗೆ ನುಗ್ಗಿತು. ಅಳಿವೆಯ ನಡುವೆಯೇ ನಾನು ನಿಂತುಬಿಟ್ಟೆ. ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಎತ್ತಿಹಾಕಿತು. ಮುಕಾಂಬಕ್ಕನ ತಮ್ಮ ಶಂಕರನ ಬಲಗೈ ಮುರಿಯಿತು. ಪಕ್ಕದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದಿದ್ದರಿಂದ ಎಲ್ಲರೂ ಬದುಕಿದರು.

ಫೆಲಿಕ್ಸ್ ನನ್ನನ್ನು ಬಿಚ್ಚಿ, ಬಿಲ್ಲೆಯ ಮೇಲಿನ ಬಣ್ಣವನ್ನು ಕೆರೆದ. ಒಳಗಿನ ತುಂಡು ಹೊಚ್ಚಹೊಸದರಂತೆ ಇತ್ತು. ಅವನು ತಲೆ ಮೇಲೆ ಕೈ ಇಟ್ಟುಕೊಂಡ.

"ಇದೇ ಅಲ್ದಾ ಜಿಂಕ್, ಬಚ್ಚಣ್ಣ? ಇದೊಂದನ್ನ ಬಿಟ್ಟ್ ಉಳ್ದದ್ದಕ್ಕೆ ಹಚ್ಚಿ ಅಂದದ್ ನಾನ್. ಉಪ್ಪ್ ನೀರ್ ಮೊದ್ಲ್ ಇದನ್ನ ತಿನ್ಕ್, ಆಗ ಗೇರಿನ ಕೇಸ್ ಉಳೀತ್. ಅಕ್ಕ ನಿಮ್ಗೆ ಎಂತ ಹೇಳ್ರ್?"

ಬಚ್ಚಣ್ಣ ಆ ತುಂಡನ್ನು ಬೆರಳಿನಿಂದ ಸವರಿ ನೋಡಿದರು.

"ಅವ್ಳ್ ಸರಿಯಾಯೇ ಹೇಳೀದ್ಲ್. ನಂಗೇ ಮರ್ತ್ ಹೋಯ್ತ್," ಎಂದರು ಕೊನೆಗೆ.

ಫೆಲಿಕ್ಸ್ ನಂಬಲಿಲ್ಲ. "ಇಂಜಿನ್ ಒಳ್ಳೇದೇ ಇತ್ತ್. ಹೊಸ ಕೇಸ್ ಹಾಕಿ ಕೊಡ್ತೆ. ತಪ್ಪಾದ್ದ್ ಇಷ್ಟೇ ಅಂದ್ ಅಕ್ಕನತ್ರ ಹೇಳ್ರೆ, ಅವ್ರೇ ನಿಮ್ಮನ್ನ ಕಡಲಿಗೆ ಕಳಿಸ್ತ್ರ್."

"ಹೇಳುದ್ ಬೇಡ, ಮಾರಾಯ. ತಮ್ಮನ ಕೈ ಮುರ್ದದ್ದ್ ತನ್ನಿಂದ ಅಂದ್ ಸಾಯುವರೆಗೂ ಕೊರಗ್ತ್ಲ್. ಇಂಜಿನ್ ಹಳೀದ್ ಆಯ್ತ್, ಅಷ್ಟೇ."

ಈಗ ನಾನು ಬಲೆ ಇಡುವ ಚಪ್ಪರದ ಮೂಲೆಯಲ್ಲಿದ್ದೇನೆ. ಹಸಿರು, ಕೆಂಪು, ನೀಲಿ, ಬೂದು, ಬೆಳ್ಳಿ ಎಲ್ಲವೂ ಮೈಮೇಲೆ ಚೂರುಚೂರು ಇವೆ. ಹೊಸ ಕಾಲು ಹಾಕಿದ ಇಂಜಿನ್ನನ್ನು ಬಚ್ಚಣ್ಣನ ಮಗ ಕಡಲಿಗೆ ಒಯ್ಯುತ್ತಾನೆ. ಹೆಂಡತಿಗೆ ಕೊಟ್ಟ ಮಾತಿನಂತೆ ಕಡಲು ಬಿಟ್ಟ ಬಚ್ಚಣ್ಣ ನನ್ನ ಪಕ್ಕದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ. ಲೋಹ ಹೇಗೆ ಸವೆಯುತ್ತದೆಂಬುದು ಫೆಲಿಕ್ಸನ ಮಾತಿನಿಂದ ಅಷ್ಟಿಷ್ಟು ಅರ್ಥವಾಯಿತು. ಈ ಮನುಷ್ಯ ಮಾತ್ರ ಅರ್ಥವಾಗಿಲ್ಲ. ಒಂದು ಮಾತು ಆಡಿದ್ದರೆ ಕಡಲು ಸಿಗುತ್ತಿತ್ತು.

ನಿನ್ನೆ ಮುಕಾಂಬಕ್ಕ ಕಾಫಿ ತಂದವರು ನನ್ನನ್ನು ನೋಡಿ ನಿಂತರು.

"ಎಷ್ಟ್ ಚಂದ ಮಾಡಿ ಹಚ್ಚಿತ್ ನಾವ್. ಆ ಫೆಲಿಕ್ಸ್ ಹೇಳಿದ್ದೇ ತಪ್ಪ್ ಕಾಣತ್."

"ಅವಂದ್ ಎಂತ ತಪ್ಪಿಲ್ಲೆ. ಯಾರ‍್ದೂ ತಪ್ಪಿಲ್ಲೆ."

"ಹ್ವಾಯ್ಲಿ ಬಿಡಿ. ನೀವ್ ಈಗ ಮನೆಯಗಿದ್ರಿ ಅಲ್ದಾ, ನಂಗೆ ಅಷ್ಟ್ ಸಾಕ್," ಎಂದು ಅವರು ನಗುತ್ತ ಒಳಗೆ ಹೋದರು.

ಅಷ್ಟರಲ್ಲಿ ದಡದಲ್ಲಿ ದೋಣಿಗಳ ಇಂಜಿನ್ನುಗಳು ಒಂದೊಂದಾಗಿ ಶುರುವಾದವು. ಬಚ್ಚಣ್ಣನ ಕೈ ಬಲೆಯ ಮೇಲೆ ನಿಂತಿತು. ಕೊನೆಯ ದೋಣಿ ಅಳಿವೆ ದಾಟಿ, ಸದ್ದು ಪೂರ್ತಿ ಅಡಗಿದ ಮೇಲೆ ಅವರು ತಣ್ಣಗಾಗಿದ್ದ ಕಾಫಿ ಕುಡಿದರು.