ಬಾಯಲ್ಲಿ ಕಾಯ್ದ ಅಧ್ಯಾಯ

ಚಿಲ್ಟರ್ನ್ ಗುಡ್ಡದ ನೇಕಾರರ ಕೇರಿಯವರು ದೇವರ ವಾಕ್ಯವನ್ನು ಮನೆಮನೆಗೆ ಹಂಚಿಕೊಂಡಿದ್ದರು. ಆ ವಾಕ್ಯ ಜನರಾಡುವ ಇಂಗ್ಲಿಷಿನಲ್ಲಿ ಇರಕೂಡದೆಂದು, ಅಂಥ ಪುಸ್ತಕ ಕಂಡರೆ ಬಿಷಪರ ಜನ ಬಂದು ಸುಡುತ್ತಿದ್ದರು. ಬಾಯಲ್ಲಿದ್ದುದು ಅಷ್ಟು ಸುಲಭಕ್ಕೆ ಕೈಗೆ ಸಿಗದು. ಹಾಗಾಗಿ ಮನೆಗೊಂದು ಅಧ್ಯಾಯ. ಮುದುಕಿ ಎಮ್ಮಟ್‌ಳ ಪಾಲಿಗೆ ಬಂದದ್ದು ಮಾರ್ಕನ ಸುವಾರ್ತೆಯ ನಾಲ್ಕನೆಯದು. ಅಕ್ಷರ ಅರಿಯದ ಅಪ್ಪ ಉಣ್ಣೆ ಹಿಂಜುತ್ತ ಹೇಳಿಕೊಟ್ಟಿದ್ದ. ಜೊತೆಗೊಂದು ಕಟ್ಟಪ್ಪಣೆ: "ಮರೆತರೆ ಸುಮ್ಮನಾಗು ಮಗಾ. ನಿನ್ನ ಕೈಯಿಂದ ತೇಪೆ ಹಾಕಬೇಡ."

ಈಗ ಅಕ್ಕ ಸಿಬ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣು ಮುಚ್ಚುವ ಮೊದಲು ಆ ಅಧ್ಯಾಯವನ್ನು ಒಮ್ಮೆ ಇಡಿಯಾಗಿ ಕೇಳಬೇಕೆಂಬುದೊಂದೇ ಅವಳ ಆಸೆ. ಎಮ್ಮಟ್ ದಿನವೂ ಮೊದಲಿನಿಂದ ಶುರುಮಾಡುವಳು. ಬಿತ್ತುವವನು, ಬೀಜ, ದೀಪ, ಎಲ್ಲ ಸರಾಗ. ದೋಣಿಗೆ ಅಲೆ ನುಗ್ಗಿ, ಮಲಗಿದ್ದ ಸ್ವಾಮಿಯನ್ನು ಶಿಷ್ಯರು ಎಬ್ಬಿಸುವಲ್ಲಿಗೆ ನಾಲಿಗೆ ನಿಂತುಬಿಡುವುದು.

"ಇವತ್ತೂ ನಡುನೀರಲ್ಲೇ ಬಿಟ್ಯಾ? ನಂಗೆ ಈಜು ಬರಲ್ಲ ಕಣೇ," ಎಂದಳು ಸಿಬ್ಲಿ.

"ಬಿರುಗಾಳಿ ನಿಂತಿತು ಅಂತ ಊರಿಗೆಲ್ಲ ಗೊತ್ತಕ್ಕ. ಅಪ್ಪ ಹೇಳಿಕೊಟ್ಟ ಮಾತು ಬರ್ತಿಲ್ಲ. ನಾನೇ ಕಟ್ಟಿ ಹೇಳೋಕಾಗುತ್ತಾ?"

ಒಂದು ಬೆಳಿಗ್ಗೆ ಪಕ್ಕದ ಮನೆಯ ನೇಕಾರ ಗೈಲ್ಸ್ ಬಂದ. ಕಡಲಾಚೆ ಅಚ್ಚಾಗಿ, ಬಟ್ಟೆಯ ಮೂಟೆಯೊಳಗೆ ಅಡಗಿ ಬಂದ ಅದೇ ವಾಕ್ಯದ ಹೊಸ ಇಂಗ್ಲಿಷ್ ಪುಸ್ತಕ ಅವನ ಅಂಗಿಯೊಳಗಿತ್ತು. ಎಮ್ಮಟ್ ಮರೆತ ಜಾಗ ತೆಗೆದು ನಾಲ್ಕು ಸಾಲು ಓದಿದ. ಎಮ್ಮಟ್ ಹುಬ್ಬು ಗಂಟಿಕ್ಕಿದಳು.

"ಇದು ನಮ್ದಲ್ಲ. ಮಾತೇ ಬೇರೆ."

"ದೊಡ್ಡಮ್ಮ, ನಿಮ್ದು ನೂರು ವರ್ಷದ ಹಿಂದಿನ ಮಾತು. ಇದು ಈಗ ಸಂತೇಲಿ ಆಡೋ ಮಾತು."

"ಸಂತೆ ಮಾತು ಸಂತೇಲಿರ್ಲಿ. ನಮ್ಮ ಮಾತಿಗೋಸ್ಕರ ಅಪ್ಪ ಬಿಷಪರು ಕೊಟ್ಟ ಶಿಕ್ಷೆಗೆ ಸೌದೆ ಹೊರೆ ಹೊತ್ತು ಊರ ಮುಂದೆ ಬರಿಗಾಲಲ್ಲಿ ನಿಂತಿದ್ದ."

ಹಾಸಿಗೆಯಿಂದ ಸಿಬ್ಲಿ ಕೈ ಎತ್ತಿದಳು. "ಪಾಠ ಒಪ್ಪಿಸಿಕೊಂಡ ಮೇಲೆ ಅಪ್ಪ ಏನ್ ಮಾಡ್ತಿದ್ದ ಹೇಳು? ಉಣ್ಣೆ ಕೆಳಗಿಟ್ಟು, 'ಈಗ ಇದನ್ನ ನಮ್ಮನೆ ಮಾತಲ್ಲಿ ಕೇಳಿ' ಅಂತ ಮತ್ತೆ ಹೇಳ್ತಿದ್ದ. ನೀನು ಅಷ್ಟೊತ್ತಿಗೆ ತೂಕಡಿಸ್ತಿದ್ದೆ. ನಾನು ಕಾಯ್ತಿದ್ದದ್ದೇ ಅದಕ್ಕೆ. ಇವನು ಓದಿದ್ದು ಹಾಗೇ ಇದೆ ಕಣೇ."

ಎಮ್ಮಟ್ ತನ್ನ ಅಂಗೈ ನೋಡಿಕೊಂಡಳು. ಇದು ನನ್ನ ಕೈಯ ತೇಪೆಯಲ್ಲವಲ್ಲ, ಅನ್ನಿಸಿತು. ಕಣ್ಣು ಮುಚ್ಚಿ ಶುರುಮಾಡಿದಳು. ದೋಣಿಯ ಮಾತು ಬಂದಲ್ಲಿ ನಿಲ್ಲಿಸಿ ಗೈಲ್ಸ್‌ನತ್ತ ತಲೆ ಆಡಿಸಿದಳು. ಅವನು ಸಾಲಿನ ಮೇಲೆ ಬೆರಳಿಟ್ಟು ಓದಿದ. ಗಾಳಿ ಅಡಗಿತು, ಕಡಲು ಶಾಂತವಾಯಿತು. ಶಿಷ್ಯರ ಬೆರಗಿನ ಮಾತನ್ನು ಮತ್ತೆ ಎಮ್ಮಟ್‌ಳೇ ಹೇಳಿ ಮುಗಿಸಿದಳು.

ಸಿಬ್ಲಿ ನಿಡಿದಾಗಿ ಉಸಿರು ಬಿಟ್ಟಳು. ಎರಡು ದಿನದಿಂದ ಏನೂ ಬೇಡವೆಂದವಳು, "ಒಂಚೂರು ಗಂಜಿ ಕೊಡ್ತೀಯಾ?" ಎಂದಳು.

ಗಂಜಿ ಕುಡಿಸಿ ಬಂದ ಎಮ್ಮಟ್, ಹೊರಡಲು ಎದ್ದ ಗೈಲ್ಸ್‌ನ ತೋಳು ಹಿಡಿದಳು. "ಕೂತ್ಕೊ. ಇದನ್ನೂ ನಾಳೆ ಸುಡ್ತಾರೆ. ಇದಕ್ಕೂ ಒಂದು ಬಾಯಿ ಬೇಕಲ್ಲ."

"ಆ ಮರೆತ ನಾಲ್ಕು ಸಾಲು ಸಾಕಾ, ದೊಡ್ಡಮ್ಮ?"

"ಮೊದಲಿಂದ," ಎಂದಳು ಎಮ್ಮಟ್. "ನಿಧಾನಕ್ಕೆ ಓದು. ಎಪ್ಪತ್ತಾಯ್ತು ನಂಗೆ."