ಶನಿವಾರದ ಅಪಸ್ವರ

ಮಳೆಗಾಲದ ಕೆಸರನ್ನೆಲ್ಲ ಕಡಲಿಗೊಪ್ಪಿಸಿ ತಿಳಿಯಾದ ನೇತ್ರಾವತಿ, ಬೋಳಾರದ ಹಂಚಿನ ಕಾರ್ಖಾನೆಗಳ ಕೆಂಪು ಚಿಮಣಿಗಳನ್ನು ತನ್ನ ನೀರಿನಲ್ಲಿ ತಲೆಕೆಳಗಾಗಿ ತೂಗಿಸಿಕೊಂಡು, ಅಳಿವೆಯತ್ತ ಸಾವಕಾಶವಾಗಿ ಸರಿಯುತ್ತಿದ್ದಳು. ಪಶ್ಚಿಮದಿಗಂತದ ಹೊನ್ನು ಕರಗಿ ಕುಂಕುಮವಾಗುವ ಆ ಸಂಧ್ಯಾಸಮಯದಲ್ಲಿ, ಹಂಚು ಹೇರಿಕೊಂಡ ಮಂಜಿ ದೋಣಿಗಳ ಹಾಯಿಯೂ, ದಡದ ತೆಂಗಿನ ಗರಿಯೂ, ಕೆಲಸ ಬಿಟ್ಟು ಮನೆಗೆ ಹೊರಟ ಹೆಂಗಸರ ಧೂಳು ಹಿಡಿದ ಮುಖವೂ ಒಂದೇ ಬಣ್ಣದಲ್ಲಿ ಮಿಂದು ನಿಲ್ಲುತ್ತಿದ್ದವು. ಆಹಾ, ಸಹೃದಯರೇ, ಆ ಬೆಳಕನ್ನು ಕಂಡವರಿಗೆ ಮಾತೇ ಬೇಡವೆನಿಸುತ್ತದೆ! ಆದರೆ ಮಾತು ಬೇಕೇ ಬೇಕಾಗಿದ್ದ ಕಡೆಯಲ್ಲೂ ಬೇಡವೆಂದು ಕುಳಿತವರೊಬ್ಬರ ಕಥೆ ಇದು...

ಅವರು ನೊರ್ಬರ್ಟ್ ಮಾಸ್ಟ್ರು. ಇಗರ್ಜಿಯ ಗಾಯನವೃಂದವನ್ನು ನಡೆಸುತ್ತ, ಪಿಟೀಲು ಕಲಿಸುತ್ತ, ನದೀತೀರದ ಆ ಹಂಚಿನ ಮನೆಯಲ್ಲಿ ಒಂಟಿಯಾಗಿಯೇ ನಲವತ್ತು ದಾಟಿದವರು. ಮಂಗಳೂರಿನ ಶಾಲೆಗಳಿಗೆ ಹೊಸದಾಗಿ ಬಂದ ಸಂಗೀತ ಟೀಚರುಗಳನ್ನು ಪಳಗಿಸುವ ಹೊಣೆ ಅವರದು. ಅವರ ರೀತಿಯೇ ಬೇರೆ. ಶನಿವಾರ ಮಕ್ಕಳ ಬೆನ್ನಹಿಂದೆ ಕಡೆಯ ಬೆಂಚಿನಲ್ಲಿ ಕುಳಿತು, ಬಲಗೈಯನ್ನು ಮೊಣಕಾಲ ಮೇಲಿಡುತ್ತಿದ್ದರು. ಅಂಗೈ ಕೆಳಗೆ ಒತ್ತಿದರೆ ಲಯ ಓಡುತ್ತಿದೆ ಎಂದರ್ಥ. ಹೆಬ್ಬೆರಳು ಮೇಲೆದ್ದರೆ ಸ್ವರ ತಗ್ಗಿದೆ, ಏರಿಸಿ ಎಂದರ್ಥ. ಕೈ ಸುಮ್ಮನಿದ್ದರೆ ಎಲ್ಲ ಸರಿ. ಮೆಚ್ಚುಗೆಯ ಮಾತು? ಅದೊಂದು ಅವರ ಬಾಯಿಂದ ಯಾರೂ ಕೇಳಿದವರಿಲ್ಲ! ತಿದ್ದಲು ಏನೂ ಉಳಿಯದ ದಿನ, ತಟ್ಟಿದರೆ ಒಂದೇ ಸ್ವರ ನುಡಿಯುವ ಉಕ್ಕಿನ ಪುಟ್ಟ ಶ್ರುತಿಕವೆಯೊಂದನ್ನು ಟೀಚರ ಕೈಗಿತ್ತು ಹೊರಟರೆ ಮತ್ತೆ ಆ ತರಗತಿಗೆ ಕಾಲಿಡುತ್ತಿರಲಿಲ್ಲ. ಕಲಿತವರನ್ನು ಬಿಟ್ಟುಕೊಡುವುದೇ ಕಲಿಸುವವನ ಧರ್ಮವೆಂದು ಅವರ ನಂಬಿಕೆ.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಫಳ್ನೀರಿನ ಹೆಣ್ಣುಮಕ್ಕಳ ಶಾಲೆಗೆ ರೊಸಾಲಿನ್ ಬಂದಳು. ಹರಳುಹರಳಾದ ಕಂಠ, ನಗುವಾಗಲೂ ಅರ್ಧ ಮರೆಸಿಡುವ ಕಣ್ಣು, ಮಕ್ಕಳನ್ನು ಒಂದು ಹುಬ್ಬಿನಿಂದಲೇ ಹತೋಟಿಗೆ ತರುವ ಚಾತುರ್ಯ! ಮಾಸ್ಟ್ರ ಅಂತರಂಗದಲ್ಲಿ ಏನಾಯಿತೆಂದು ನಾನು ಬಿಡಿಸಿ ಹೇಳಬೇಕೇ? ಶುಕ್ರವಾರ ಸಂಜೆಯೇ ಅಂಗಿಗೆ ಇಸ್ತ್ರಿ ಬೀಳತೊಡಗಿತು. ಬೋಳಾರದಿಂದ ಫಳ್ನೀರಿಗೆ ಏರುವ ಕೆಂಪುಮಣ್ಣಿನ ದಾರಿ ಆ ಮನುಷ್ಯನಿಗೆ ಇಳಿಜಾರಾಯಿತು. ಆದರೆ ಕಡೆಯ ಬೆಂಚಿನಲ್ಲಿ ಕುಳಿತರೆ ಮುಖ ಮಾತ್ರ ಅದೇ ಕಲ್ಲು.

ಕ್ರಿಸ್ಮಸ್ಸಿನ ಹೊತ್ತಿಗೆ ರೊಸಾಲಿನ್ ಎಲ್ಲವನ್ನೂ ಕಲಿತುಬಿಟ್ಟಿದ್ದಳು, ಒಂದನ್ನುಳಿದು. ಮಕ್ಕಳಿಗೆ ಹೇಳಿಕೊಡುತ್ತಿದ್ದ ಬೆಳಗಿನ ಹಾಡಿನಲ್ಲಿ, ರಾಗ ಶಿಖರಕ್ಕೇರಿ ನಿಲ್ಲುವ ಕಡೆ, ಮೇಲಿನ ಸ್ವರ ಕೂದಲೆಳೆಯಷ್ಟು ತಗ್ಗುತ್ತಿತ್ತು. ಅಷ್ಟೂ ಮಕ್ಕಳು, ಒಂದೇ ಅಳತೆಯಲ್ಲಿ! ಮಾಸ್ಟ್ರ ಹೆಬ್ಬೆರಳು ಏಳುತ್ತಿತ್ತು. ರೊಸಾಲಿನ್ ತಲೆ ತಗ್ಗಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಒಲಿಂಡಾ ಎಂಬ ಹಲ್ಲು ಬಿದ್ದ ಹುಡುಗಿಯೊಬ್ಬಳು ಹಿಂದಿರುಗಿ ಆ ಬೆರಳನ್ನು ನೋಡಿ, ಬಾಯಿಗೆ ಕೈ ಮುಚ್ಚಿ ಕಿಸಕ್ಕನೆ ನಗುತ್ತಿದ್ದಳು. ಮುಂದಿನ ಶನಿವಾರ ಮತ್ತದೇ ಸ್ವರ, ಮತ್ತದೇ ಬೆರಳು...

"ಇದೆಂತ ಟೀಚರ್, ಇಷ್ಟು ಕಲಿತ ಮೇಲೂ?" ಎಂದು ಮಾಸ್ಟ್ರು ಒಮ್ಮೆ ಕೇಳಿದರು.

"ನೀವು ಬರುವಾಗಲೇ ಹೀಗಾಗ್ತದೆ ಮಾಸ್ಟ್ರೇ," ಎಂದಳು ಅವಳು, ಹಾರ್ಮೋನಿಯಂ ಮುಚ್ಚುತ್ತ.

ಆ ರಾತ್ರಿ ಮಾಸ್ಟ್ರು ಊಟ ಮಾಡಲಿಲ್ಲ. ನಾನು ಬರುವಾಗಲೇ! ಹಾಗಾದರೆ ನನ್ನ ಹೆದರಿಕೆಯಿಂದಲೇ ಅವಳ ಕಂಠ ಕುಗ್ಗುತ್ತಿದೆ. ಹಿಂದೆ ಕುಳಿತು ದುರುಗುಟ್ಟುವ ಈ ನಡುವಯಸ್ಸಿನವನ ಭಾರಕ್ಕೆ ಆ ಎಳೆಯ ಜೀವ ನಲುಗುತ್ತಿದೆ... ಅಯ್ಯೋ, ಮಾಸ್ಟ್ರೇ! ಲೋಕದ ಸ್ವರವನ್ನೆಲ್ಲ ತೂಗಿನೋಡುವ ನಿಮ್ಮ ಕಿವಿಗೆ ಅಂದು ಏನು ಬಡಿದಿತ್ತೋ!

ಫೆಬ್ರುವರಿಯ ಒಂದು ಭಾನುವಾರ, ಪೂಜೆ ಮುಗಿಸಿ, ರೊಸಾಲಿನ್ ತಾನಾಗಿಯೇ ಬೋಳಾರದ ಮನೆಯ ಜಗಲಿಗೆ ಬಂದಳು. ತಲೆಯ ಮೇಲಿನ ಬಿಳಿ ವೇಲನ್ನು ಬೆರಳಿಗೆ ಸುತ್ತುತ್ತ, ನದಿಯ ಕಡೆ ನೋಡುತ್ತ ನಿಂತಳು.

"ಬೊಂಬಾಯಿಯಿಂದ ಒಂದು ಸಂಬಂಧ ಬಂದುಂಟು ಮಾಸ್ಟ್ರೇ. ರೈಲ್ವೆಯಲ್ಲಿ ಕೆಲಸ. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ನನ್ನ ಮಾತಿಗೆ ಕಾಯ್ತಾ ಇದ್ದಾರೆ."

"ಒಳ್ಳೇದಾಯ್ತು," ಎಂದರು ಮಾಸ್ಟ್ರು. ಧ್ವನಿ ಅವರದೇ ಎಂದು ಅವರಿಗೇ ಗುರುತು ಹತ್ತಲಿಲ್ಲ.

"ಆ ಮೇಲಿನ ಸ್ವರ ಇನ್ನೂ ಸರಿಯಾಗ್ಲಿಲ್ಲ ಅಲ್ವಾ? ಕಲಿಲಿಕ್ಕೆ ಇನ್ನೂ ಉಂಟು ಅಂತ ನೀವು ಒಂದು ಮಾತು ಹೇಳಿ. ನಾನು ಮನೆಯಲ್ಲಿ ಆಗುವುದಿಲ್ಲ ಅಂತ ಹೇಳಿಬಿಡ್ತೇನೆ."

ಒಂದೇ ಒಂದು ಮಾತು! ಮಾಸ್ಟ್ರ ಎದೆಯಲ್ಲಿ 'ಹೋಗಬೇಡ' ಎಂಬ ಶಬ್ದ ಕಂಠದವರೆಗೂ ಏರಿ ಬಂದಿತ್ತು. ಅಷ್ಟರಲ್ಲಿ ಆ ಹಾಳು ಧರ್ಮ ನೆನಪಾಯಿತು. ಹೆದರಿ ಹಾಡುವವಳನ್ನು ಸ್ವಾರ್ಥಕ್ಕಾಗಿ ಕಟ್ಟಿಹಾಕುವುದೇ ಎಂಬ ನಾಚಿಕೆ ನೆನಪಾಯಿತು. ಅವರು ಒಳಗೆ ಹೋಗಿ, ಹೊರಬಂದು, ಅವಳ ಅಂಗೈಯಲ್ಲಿ ಶ್ರುತಿಕವೆಯನ್ನಿಟ್ಟರು.

"ನಾನು ಹಿಂದೆ ಕೂತುಕೊಳ್ಳದಿದ್ದರೆ ಆ ಸ್ವರ ತನ್ನಷ್ಟಕ್ಕೆ ಸರಿಯಾಗ್ತದೆ ಟೀಚರ್. ನಿಮಗೆ ಕಲಿಸ್ಲಿಕ್ಕೆ ನನ್ನಲ್ಲಿ ಇನ್ನೆಂತ ಇಲ್ಲ. ದೇವರು ಒಳ್ಳೇದು ಮಾಡಲಿ."

ರೊಸಾಲಿನ್ ಅದನ್ನು ಜಗಲಿಯ ಕಂಬಕ್ಕೆ ಮೆಲ್ಲನೆ ತಾಗಿಸಿದಳು. ಕಿವಿಯ ಬಳಿ ಹಿಡಿದು, ನಾದ ಪೂರ್ತಿ ಆರುವವರೆಗೂ ಕಣ್ಣು ಮುಚ್ಚಿ ನಿಂತಳು.

"ಹೌದು ಮಾಸ್ಟ್ರೇ. ಇನ್ನು ಸರಿಯಾಗ್ತದೆ," ಎಂದು ಮೆಟ್ಟಿಲಿಳಿದು ಹೋದಳು.

ಸರಿಯಾಗಿಯೂ ಹೋಯಿತು! ಆ ವಾರ ಶಾಲೆಯ ಆಚೆಬದಿಯ ರಸ್ತೆಯಲ್ಲಿ, ಕಳ್ಳನಂತೆ ಗೋಡೆಗೆ ಒತ್ತಿ ನಿಂತು ಮಾಸ್ಟ್ರು ಕೇಳಿದರು: ಬೆಳಗಿನ ಹಾಡು ಶಿಖರಕ್ಕೇರಿ, ಎಳ್ಳಷ್ಟೂ ತಗ್ಗದೆ, ನಿರ್ಮಲವಾಗಿ ನಿಂತಿತು. ಕಂಡೆಯಾ, ನಾನು ಬಿಟ್ಟುಕೊಟ್ಟದ್ದೇ ಸರಿ, ಎಂದು ತಮಗೆ ತಾವೇ ಹೇಳಿಕೊಂಡು ಮನೆಗೆ ಬಂದರು. ಬೇಸಗೆ ರಜೆಗೆ ಮುಂಚೆ ಬೊಂಬಾಯಿಗೆ ಹೊರಟ ರೊಸಾಲಿನ್ ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿದಳೆಂದು ಯಾರೋ ಹೇಳಿದರು. ಆ ದಿನ ಮಾಸ್ಟ್ರು ಪಿಟೀಲಿನ ತಂತಿಗಳನ್ನೆಲ್ಲ ಸಡಿಲಿಸಿಟ್ಟರು.

ಹನ್ನೆರಡು ಮಳೆಗಾಲ ಹರಿದುಹೋದವು. ತಲೆ ಬೆಳ್ಳಗಾದ ಮಾಸ್ಟ್ರು ಅದೇ ಶಾಲೆಯ ಅದೇ ಬೆಂಚಿಗೆ ಮತ್ತೆ ಬಂದರು, ಹೊಸ ಟೀಚರನ್ನು ನೋಡಲು. ಹೊಸ ಟೀಚರೆಂದರೆ ಬೇರಾರೂ ಅಲ್ಲ, ಅಂದು ಹಲ್ಲು ಬಿದ್ದಿದ್ದ ಒಲಿಂಡಾ! ಅಂದಿನಂತೆಯೇ ಬಾಯಿಬಡುಕಿ. ಮಕ್ಕಳು ಹೊರಗೋಡಿದ ಮೇಲೆ ಅವಳು ಮಾಸ್ಟ್ರ ಬಳಿ ಬಂದು ನಿಂತಳು.

"ಮಾಸ್ಟ್ರೇ, ರೊಸಾಲಿನ್ ಟೀಚರ್ ಇರುವಾಗ ನಿಮ್ಮ ಹೆಬ್ಬೆರಳು ನೋಡ್ಲಿಕ್ಕೆ ನಮಗೆ ಎಷ್ಟು ಖುಷಿ ಗೊತ್ತುಂಟಾ? ಈಗ ಬೊಂಬಾಯಿಯಲ್ಲಿ ಅವರೂ ನಿಮ್ಮ ಹಾಗೆ ಟೀಚರುಗಳಿಗೆ ಕಲಿಸ್ತಾರಂತೆ."

"ಹೌದಾ?... ಬೆರಳು ನೋಡಿ ಖುಷಿ ಎಂತಕ್ಕೆ?"

"ಶುಕ್ರವಾರ ನಮಗೆ ಆ ತಪ್ಪನ್ನು ಪ್ರಾಕ್ಟೀಸ್ ಮಾಡಿಸ್ತಿದ್ರಲ್ಲ ಅವರು! 'ನಾಳೆ ಮಾಸ್ಟ್ರು ಬರುವಾಗ ಈ ಸ್ವರ ಚೂರು ತಗ್ಗಿಸಿ ಮಕ್ಕಳೇ, ಎಲ್ಲ ಸರಿ ಉಂಟಾದರೆ ಅವರು ಇನ್ನು ಬರ್ಲಿಕ್ಕಿಲ್ಲ' ಅಂತ. ಎಲ್ಲರೂ ಒಟ್ಟಿಗೆ ತಪ್ಪು ಹಾಡುವುದು ಎಷ್ಟು ಕಷ್ಟ ಮಾರಾಯ್ರೇ! ನಿಮ್ಮ ಬೆರಳು ಎದ್ದರೆ ನಾವು ಗೆದ್ದ ಹಾಗೆ... ಅಲ್ಲ, ನಿಮಗೆ ಗೊತ್ತಿತ್ತಲ್ಲ?"

ಏಳಹೊರಟಿದ್ದ ಮಾಸ್ಟ್ರು ಮತ್ತೆ ಬೆಂಚಿನ ಮೇಲೆ ಕುಳಿತರು. ಹೆದರಿದ ಕಂಠ ಒಮ್ಮೆ ಹೆಚ್ಚು ಜಾರುತ್ತದೆ, ಒಮ್ಮೆ ಕಡಿಮೆ. ಒಂದು ಮಗು ತಪ್ಪಿದರೆ ಇನ್ನೊಂದು ತಪ್ಪುವುದಿಲ್ಲ. ಅಷ್ಟೊಂದು ಎಳೆಯ ಕಂಠಗಳು ಒಂದೇ ಅಳತೆಯಲ್ಲಿ ತಗ್ಗಬೇಕಾದರೆ, ಯಾರೋ ಕುಳಿತು, ಮುದ್ದಿನಿಂದ, ಸಹನೆಯಿಂದ, ವಾರವಾರವೂ ಕಲಿಸಿರಬೇಕು. ಸಂಗೀತ ಬಲ್ಲ ಯಾರಿಗಾದರೂ ತಿಳಿಯುವ ವಿಷಯ! ತಮ್ಮ ಕಿವಿ ಅದನ್ನು ಅಂದೇ ಕೇಳಿತ್ತು. ತಾವು ಮಾತ್ರ ಕೇಳಲಿಲ್ಲ.

"ಎಂತಾಯ್ತು ಮಾಸ್ಟ್ರೇ? ನೀರು ತರಲಾ?"

"ಬೇಡ. ಆ ಹಾಡು ನೆನಪುಂಟಾ ನಿಮಗೆ? ಒಮ್ಮೆ ಹಾಡಿ... ಶನಿವಾರದ ಹಾಗೆ."

ಒಲಿಂಡಾ ನಗುತ್ತ ಹಾಡಿದಳು. ಕಿಟಕಿಯಾಚೆ ಇಳಿಬಿಸಿಲು ಅಂಗಳದ ಕೆಂಪುಮಣ್ಣಿನ ಮೇಲೆ ಮಲಗಿತ್ತು. ರಾಗ ಮೆಟ್ಟಿಲು ಮೆಟ್ಟಿಲಾಗಿ ಏರಿ, ಶಿಖರದಲ್ಲಿ ಕೂದಲೆಳೆಯಷ್ಟು ತಗ್ಗಿ ನಿಂತಿತು. ಮಾಸ್ಟ್ರ ಹೆಬ್ಬೆರಳು ತನ್ನಷ್ಟಕ್ಕೆ ಏಳಹೊರಟಿತು. ಎಡಗೈಯಿಂದ ಅದನ್ನು ಮೊಣಕಾಲಿಗೆ ಒತ್ತಿ ಹಿಡಿದುಕೊಂಡರು.

"ಹೀಗೇ ಅಲ್ವಾ ಮಾಸ್ಟ್ರೇ?"

"ಹೀಗೇ ಟೀಚರ್. ಚೆಂದ ಉಂಟು... ಬಹಳ ಚೆಂದ ಉಂಟು."

ಮಾಸ್ಟ್ರು ಮೆಚ್ಚಿದರು! ಒಲಿಂಡಾ ಬೆರಗಾಗಿ ನೋಡಿದಳು. ಆ ಮಾತು ತನಗಲ್ಲವೆಂದು ಅವಳಿಗೆ ಹೇಗೆ ತಿಳಿಯಬೇಕು?

ಸಹೃದಯರೇ, ಒಲವು ಎಷ್ಟೋ ಸಲ ನೇರವಾಗಿ ಬಾಗಿಲು ತಟ್ಟಲು ನಾಚಿ, ಒಂದು ಸಣ್ಣ ತಪ್ಪನ್ನು ಕೈಯಲ್ಲಿ ಹಿಡಿದು ನಮ್ಮೆದುರು ಬಂದು ನಿಲ್ಲುತ್ತದೆ. ನಾವೋ, ಆ ತಪ್ಪನ್ನು ತಿದ್ದಿ, ಒಳ್ಳೆಯದಾಗಲಿ ಎಂದು ಹರಸಿ, ಅದನ್ನು ಕಳಿಸಿಕೊಟ್ಟುಬಿಡುತ್ತೇವೆ... ಆಮೇಲೆ ಬದುಕಿನಲ್ಲಿ ಎಲ್ಲ ಸ್ವರವೂ ಸರಿಯಾಗಿಯೇ ನಿಲ್ಲುತ್ತದೆ, ಕೇಳಲು ಮನಸ್ಸಾಗುವುದಿಲ್ಲ.