ಫೋಟೋದ ಕೆಳಗಿನ ಜಾಗ

“ಒಂದು ಪುಟಕ್ಕೆ ಆರು ಹಾಕೋಣ ಸಾರ್. ಎರಡೇ ಎರಡು ಇಟ್ಕೊಂಡು ಏನ್ ಮಾಡ್ತೀರ?” ಬೆಂಗಳೂರಿನಿಂದ ಮಾತಾಡುತ್ತಿದ್ದ ನರೇಶನ ದನಿ ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳುತ್ತಿತ್ತು. ಅವನು ಜಾಹೀರಾತು ಕಂಪನಿಯವನು. ಸತ್ತವರ ಪುಟಕ್ಕೆ ಎಷ್ಟು ಜಾಹೀರಾತು ಹಾಕಬೇಕೆಂಬುದು ಅವನಿಗೆ ಸಾರಿಗೆ ಎಷ್ಟು ಉಪ್ಪು ಹಾಕಬೇಕೆಂಬಷ್ಟೇ ಸಲೀಸು.

ಮುಳಬಾಗಿಲಿನ ಆ ಅಂಗಡಿಯಲ್ಲಿ ಉಮಾಶಂಕರ್ ಹದಿನೈದು ವರ್ಷ ಫ್ಲೆಕ್ಸ್ ಬೋರ್ಡು ಮಾಡಿಕೊಟ್ಟಿದ್ದ. ಹುಟ್ಟುಹಬ್ಬದ ಬೋರ್ಡುಗಳಿಗಿಂತ ಸಾವಿನ ಬೋರ್ಡುಗಳೇ ಅವನಿಗೆ ಅನ್ನ ಹಾಕಿದ್ದು. ಫ್ಲೆಕ್ಸಿಗೆ ಕಡಿವಾಣ ಬಿದ್ದ ಮೇಲೆ ಹೆಂಡತಿ ಪದ್ಮಶ್ರೀ ಒಂದು ವೆಬ್‌ಸೈಟ್ ಮಾಡಿದಳು. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಪುಟ. ಅದರಲ್ಲಿ ಫೋಟೋ, ಹೆಸರು, ಹನ್ನೊಂದನೇ ದಿನದ ಕಾರ್ಯ ಎಲ್ಲಿ, ಎಷ್ಟು ಹೊತ್ತಿಗೆ ಎಂಬ ವಿವರ. ಮನೆಯವರು ಅದನ್ನು ವಾಟ್ಸಾಪಿನಲ್ಲಿ ಗಡಿಯಾಚೆ ಆಂಧ್ರದಲ್ಲಿದ್ದ ನೆಂಟರಿಗೂ ಕಳಿಸುತ್ತಿದ್ದರು. ಸಾವಿನ ಮನೆಯವರಿಂದ ಏನೂ ತೆಗೆದುಕೊಳ್ಳುವುದು ಬೇಡವೆಂದು ಫೋಟೋದ ಮೇಲೊಂದು, ಕೆಳಗೊಂದು ಜಾಹೀರಾತು ಇಟ್ಟಿದ್ದರು. ಅದರಿಂದ ಅಂಗಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ನರೇಶನ ಮಾತಿಗೆ ಒಪ್ಪದಿದ್ದರೆ ಬಾಗಿಲು ಹಾಕಿ ಮಾಲೂರಿನ ಯಾವುದಾದರೂ ಫ್ಯಾಕ್ಟರಿಗೆ ಸೇರುವುದೊಂದೇ ದಾರಿ ಎಂದು ಉಮಾಶಂಕರನಿಗೆ ಗೊತ್ತಿತ್ತು.

“ದೊಡ್ಡಮುನಿಯಪ್ಪ ಅಂತ ಒಂದು ಪುಟ ಇದೆ ನೋಡಿ,” ನರೇಶ ಹುರುಪಿನಲ್ಲಿದ್ದ. “ತೀರ್ಕೊಂಡು ಮೂರು ತಿಂಗಳಾಯ್ತು. ಆದ್ರೂ ದಿನಾ ಬೆಳಗ್ಗೆ ಯಾರೋ ಫೋಟೋ ಕೆಳಗಿರೋ ಜಾಹೀರಾತು ಒತ್ತುತ್ತಾರೆ. ಇನ್ನೂ ಹತ್ತು ಹನ್ನೆರಡು ಪುಟದಲ್ಲಿ ಇದೇ ಥರ. ಆ ಜಾಗ ಬಂಗಾರ ಸಾರ್! ಎಲ್ಲಾ ಪುಟದಲ್ಲೂ ಮೇಲೆರಡು, ಅಲ್ಲಿ ನಾಲ್ಕು ಕೂರಿಸಿಬಿಡೋಣ.”

“ಸಂಜೆ ಹೇಳ್ತೀನಿ,” ಎಂದು ಉಮಾಶಂಕರ್ ಫೋನಿಟ್ಟ.

“ಉರಿಯೋ ಮನೇಲಿ ಗಳ ಹಿರಿದಂಗಾಗ್ತದೆ ಕಣ್ರೀ,” ಎಂದಳು ಪದ್ಮಶ್ರೀ.

“ಎರಡು ಆಗ್ಲೇ ಹಿರಿದಿದ್ದೀವಲ್ಲ. ಆರಾದ್ರೆ ಏನಂತೆ?” ತಮಾಷೆ ಮಾಡಲು ಹೋದ, ಆದರೆ ಅವನಿಗೇ ನಗು ಬರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂಬಂತೆ ನೋಡಿದಳು. ಹಣೆ ಬರಿದಾಗಿತ್ತು. ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಫೋನು ತೆಗೆದು ಮೇಜಿನ ಮೇಲಿಟ್ಟಳು. “ನಾನು ವೆಂಕಟರತ್ನಮ್ಮ ಕಣಪ್ಪಾ, ನಾಯನಾ. ನಂಗಲಿ ಕಡೆಯೋಳು. ದೊಡ್ಡಮುನಿಯಪ್ಪನೋರು ನಮ್ಮ ಯಜಮಾನ್ರು.”

ಉಮಾಶಂಕರ್ ಎದ್ದು ಕುರ್ಚಿ ಕೊಟ್ಟ.

“ಇದ್ರಲ್ಲಿ ಏನೋ ದೋಸ ಐತೆ. ಇಲ್ಲಾಂದ್ರೆ ನನ್ನಲ್ಲೇ ಐತೆ,” ಆಕೆ ಫೋನು ತೋರಿಸಿದಳು. “ಶ್ರೀನಿವಾಸಪುರದಾಗಿರೋ ಮಗಳು ಗಂಗಾಲಕ್ಷ್ಮಿ ಇದನ್ನ ಹಾಕ್ಕೊಟ್ಟವಳೆ. ದಿನಾ ಸ್ನಾನ ಮಾಡಿ, ದೀಪ ಹಚ್ಚಿ, ಕಾಲು ಮುಟ್ಟಿ ಕಣ್ಣಿಗೊತ್ಕೊತೀನಿ. ಮುಟ್ಟಿದ್ ತಕ್ಷಣ ಹೊಂಟೋಗ್ತಾರೆ ನಾಯನಾ! ಮಂಡಿನೋವಿನ ಎಣ್ಣೆ ಬತ್ತದೆ. ಒಂದೊಂದಿನ ಯಾವಳೋ ಚಿನ್ನದ ಸರ ಹಾಕ್ಕೊಂಡು ನಗ್ತಾ ಬತ್ತಾಳೆ. ನನ್ ಮೇಲೆ ಅವರ ಸಿಟ್ಟು ಇನ್ನೂ ಇಳಿದಿಲ್ಲ.”

“ಯಾಕಮ್ಮ ಸಿಟ್ಟು?” ಪದ್ಮಶ್ರೀ ಕೇಳಿದಳು.

“ಆವತ್ತು ಬೆಳಗ್ಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ತಾಯಿ. ತಟ್ಟೆ ಬಿಟ್ಟೆದ್ದು ರೋಡಿಗೆ ಹೋದೋರಿಗೆ ಲಾರಿ ಹೊಡೀತು. ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದ್ರು, ಬಿಚ್ಚಬ್ಯಾಡಿ ಅಂದ್ರು. ಕೊನೇಗೊಂದು ಸಲ ಕಾಲು ಮುಟ್ಟಕ್ಕೂ ಆಗ್ಲಿಲ್ಲ.”

ಹೇಗೆ ಮುಟ್ಟುತ್ತೇನೆಂದು ಆಕೆ ಮಾಡಿ ತೋರಿಸಿದಳು. ಫೋಟೋ ಇದ್ದದ್ದು ಎದೆಯ ತನಕ ಮಾತ್ರ. ಆಕೆಯ ಬೆರಳು ಮುಖ ದಾಟಿ, ಎದೆ ದಾಟಿ, ಕಾಲು ಇರಬೇಕಾದ ಕಡೆಗೆ ಇಳಿಯಿತು. ಅಲ್ಲಿದ್ದದ್ದು ಜಾಹೀರಾತು. ಮುಟ್ಟಿದೊಡನೆ ದೊಡ್ಡಮುನಿಯಪ್ಪ ಮಾಯವಾಗಿ ಪ್ರೆಷರ್ ಕುಕ್ಕರ್ ಬಂತು.

ನೆಟ್‌ವರ್ಕ್ ಸರಿಯಿಲ್ಲಮ್ಮ ಎಂದಿದ್ದರೆ ಆಕೆ ನಂಬಿಕೊಂಡು ಎದ್ದು ಹೋಗುತ್ತಿದ್ದಳು. ಉಮಾಶಂಕರನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಪದ್ಮಶ್ರೀ ತನ್ನನ್ನೇ ನೋಡುತ್ತಿರುವುದು ಕಂಡು ನುಂಗಿಕೊಂಡ.

“ಅದು ಅವರ ಸಿಟ್ಟಲ್ಲಮ್ಮ. ಅಲ್ಲಿ ಜಾಹೀರಾತು ಇಟ್ಟಿರೋನು ನಾನು. ಮುಟ್ಟಿದ್ರೆ ಅದು ತೆರ್ಕೊಳ್ತದೆ. ಹಂಗೆ ಯಾರಾದ್ರೂ ಮುಟ್ಟಿದಾಗೆಲ್ಲ ನನಗೆ ಕಾಸು ಬರ್ತದೆ.”

ವೆಂಕಟರತ್ನಮ್ಮ ಒಮ್ಮೆ ಫೋನನ್ನೂ ಒಮ್ಮೆ ಅವನನ್ನೂ ನೋಡಿದಳು. “ಮೂರು ತಿಂಗ್ಳಿಂದ ತಪ್ಪಾಯ್ತು ತಪ್ಪಾಯ್ತು ಅಂತ ಅತ್ಕೊಂಡು ಮುಟ್ತಿದ್ದೆ ನಾಯನಾ. ಅದ್ಕೆ ನಿಂಗೆ ಕಾಸು ಬತ್ತಿತ್ತಾ?”

ಅದರಲ್ಲಿ ಬೈಗುಳವಿರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದಂತಿತ್ತು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅವನಿಗೆ. “ಹೂಂ ಅಮ್ಮ,” ಎಂದ. ಇನ್ನೂ ಹತ್ತು ಹನ್ನೆರಡು ಪುಟ ಎಂದಿದ್ದ ನರೇಶ. ಆ ಮನೆಗಳಲ್ಲಿ ಯಾರು ಯಾರು ಏನೇನು ಅಂದುಕೊಂಡು ಕೂತಿದ್ದಾರೋ!

“ಅಂಗಾದ್ರೆ ಅವರಿಗೆ ಸಿಟ್ಟಿಲ್ವಾ?”

“ಅವರ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲಮ್ಮ. ಆದ್ರೆ ದಿನಾ ನಿಮ್ಮಿಂದ ಅವರನ್ನ ದೂರ ಮಾಡಿದ್ದು ನಾನು.”

ಸಂಜೆಯವರೆಗೆ ಕಾಯದೆ ಅಲ್ಲೇ ನರೇಶನಿಗೆ ಫೋನು ಮಾಡಿದ. “ಫೋಟೋ ಕೆಳಗೆ ಒಂದೂ ಬೇಡ. ಯಾವ ಪುಟದಲ್ಲೂ ಬೇಡ. ಮೇಲೊಂದು ಇರ್ಲಿ, ಸಾಕು.”

“ಒಂದಕ್ಕೆ ನಮ್ಮ ಕಂಪನಿ ನಿಮ್ಮನ್ನ ಇಟ್ಕೊಳ್ಳಲ್ಲ ಸಾರ್.”

“ಬಿಟ್ಬಿಡ್ಲಿ,” ಎಂದ. ಹೇಳಿದ ಮೇಲೆ ಮಾಲೂರಿನ ಫ್ಯಾಕ್ಟರಿ ನೆನಪಾಯಿತು. ಪದ್ಮಶ್ರೀ ಕಂಪ್ಯೂಟರಿನ ಮುಂದೆ ಕೂತು ಕೆಳಗಿನ ಜಾಹೀರಾತು ಕಿತ್ತುಹಾಕಿದಳು.

“ಇವರ ಮಗಳು ಕಳಿಸಿದ್ದು ಪೂರ್ತಿ ಫೋಟೋ ಅಲ್ವಾ?” ಎಂದಳು. “ಜಾಗ ಸಾಲಲ್ಲ ಅಂತ ಕತ್ತರಿಸಿದೋರು ನೀವೇ.”

ಹುಡುಕಿದರೆ ಸಿಕ್ಕಿತು. ದೊಡ್ಡಮುನಿಯಪ್ಪ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಪಂಚೆ ಎತ್ತಿಕಟ್ಟಿ ನಿಂತಿದ್ದರು. ಬರಿಗಾಲು, ಕಣಕಾಲ ತನಕ ಒಣಗಿದ ಕೆಸರು. ಪದ್ಮಶ್ರೀ ಅದನ್ನು ಹಾಗೆಯೇ ಪುಟಕ್ಕೆ ಹಾಕಿದಳು. ಖಾಲಿಯಾಗಿದ್ದ ಜಾಗಕ್ಕೆ ಸರಿಯಾಗಿ ಆ ಎರಡು ಪಾದಗಳು ಬಂದು ನಿಂತವು.

ಫೋನಿನಲ್ಲಿ ಅದನ್ನು ನೋಡಿದ ವೆಂಕಟರತ್ನಮ್ಮ ಎದ್ದು, ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದು ಬೆರಳಿನಿಂದ ಮುಟ್ಟಿದಳು. ಮುಟ್ಟಿದವಳೇ ಬೆರಳೆತ್ತಿ, ಉಸಿರು ಹಿಡಿದು ಕಾದಳು.

ದೊಡ್ಡಮುನಿಯಪ್ಪ ಎಲ್ಲಿಗೂ ಹೋಗಲಿಲ್ಲ.